ಪಕ್ಕದ ಹೊಲದ ಬೆಂಕಿ

ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಯನ್ನು ಸುಡಬೇಡಿ, ಹೊಲದಲ್ಲೇ ಹಾಸಿ ಕೊಳೆಯಲು ಬಿಡಿ ಎಂದು ಹೇಳಲು ನಾನೂ ಗೆಳತಿಯೂ ಭಾನುವಾರಗಳಂದು ಹೊಸಪೇಟೆಯಿಂದ ಕಂಪ್ಲಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ಇಬ್ಬರೂ ಹೈಸ್ಕೂಲು ಟೀಚರುಗಳು. ಬಿಸಿಲು ವರ್ಷವರ್ಷಕ್ಕೆ ಏಕೆ ಏರುತ್ತಿದೆ, ಅದಕ್ಕೂ ಈ ಹೊಗೆಗೂ ಏನು ಸಂಬಂಧ ಎಂದು ನಾವೇ ಬರೆದು, ಚಿತ್ರ ಹಾಕಿ, ಪುಟ್ಟ ಪುಸ್ತಕ ಮಾಡಿದ್ದೆವು. ಜನ ಪುಸ್ತಕ ತೆಗೆದುಕೊಂಡು ಚಹಾ ಕೊಡುತ್ತಿದ್ದರು. ಗರಿಯನ್ನು ಮಾತ್ರ ಸುಡುತ್ತಲೇ ಇದ್ದರು.

ಕೊನೆಗೆ ಒಬ್ಬ ಹೆಣ್ಣುಮಗಳು ಒಪ್ಪಿ ತನ್ನ ಹೊಲದ ತುಂಬ ಗರಿ ಹಾಸಿದಳು. ಕೆಲವೇ ದಿನಗಳಲ್ಲಿ ಪಕ್ಕದ ಹೊಲದವನು ಹಚ್ಚಿದ ಬೆಂಕಿ ಗಾಳಿಗೆ ಬದು ದಾಟಿ ಬಂತು. ಗರಿಯ ಜೊತೆಗೆ ಕಡಿದ ಬುಡದಿಂದ ಆಗಷ್ಟೇ ಚಿಗುರುತ್ತಿದ್ದ ಕೂಳೆ ಕಬ್ಬೂ ಸುಟ್ಟುಹೋಯಿತು.

ಸುದ್ದಿ ತಿಳಿದು ಹೋದೆವು. ಬೈಯುತ್ತಾಳೆ ಎಂದುಕೊಂಡಿದ್ದೆ.

"ನೀವು ಹೇಳಿದ್ದು ಖರೇನ ಐತ್ರಿ ಟೀಚರ್. ಆದ್ರ ನನಗೊಬ್ಬಾಕಿಗೇ ಹೇಳಿದ್ರ ಆಗೂದಿಲ್ರಿ. ನಡೀರಿ, ಅವ್ರ ಮನಿಗೆ ಹೋಗೂಣು" ಎಂದಳು.

ಬಸ್ಸು ಹತ್ತಿ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು ನನಗೆ. ಆದರೂ ಉರಿಬಿಸಿಲಲ್ಲಿ ಆಕೆಯ ಹಿಂದೆ ನಡೆದೆವು. ಪಕ್ಕದ ಹೊಲದವನು ಮೊದಲು ಮುಖ ತಿರುಗಿಸಿದ. ಆಮೇಲೆ ಚಾಪೆ ಹಾಸಿ "ಕುಂದ್ರಿ" ಎಂದ. ಬಹಳ ಹೊತ್ತು ಮಾತಾಡಿದ ಮೇಲೂ ಸುಡುವುದನ್ನು ಬಿಡುತ್ತೇನೆ ಎನ್ನಲಿಲ್ಲ.

"ಗರಿ ಹಾಸಾಕ ಆಳು ಸಿಗಂಗಿಲ್ರಿ. ಇನ್ನಮ್ಯಾಲೆ ಗಾಳಿ ನೋಡಿ, ಈ ಅಕ್ಕಗ ಹೇಳಿ ಹಚ್ತೀನಿ."

ಅಷ್ಟು ದಿನದ ಓಡಾಟಕ್ಕೆ ಸಿಕ್ಕಿದ್ದು ಅಷ್ಟೇ. ಮುಂದಿನ ಭಾನುವಾರ ನಾನು ಹೋಗಲಿಲ್ಲ, ಇಡೀ ದಿನ ಮಲಗಿದ್ದೆ. ಅದರ ಮುಂದಿನ ವಾರ ಹೋದೆ. ಆವತ್ತು ಅಕ್ಕಪಕ್ಕದ ಹೊಲದವರನ್ನೆಲ್ಲ ಒಂದೇ ಕಟ್ಟೆಯ ಮೇಲೆ ಕೂರಿಸಿ ಮಾತು ಶುರುಮಾಡಿದೆವು.