ಕಳಿಸುವ ಹಾಡು

ದೆವ್ವ, ಗಾಳಿ, ಮೈಮೇಲೆ ಬರುವುದು ಇವು ಯಾವುದನ್ನೂ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ಗೇಲಿ ಮಾಡದೆ ಬಿಟ್ಟವನೂ ಅಲ್ಲ. ನಂಜನಗೂಡಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ, ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಇಷ್ಟು ವರ್ಷ ಸೋಲ್ಡರಿಂಗ್ ಕಡ್ಡಿ ಹಿಡಿದು ನಾನು ಕಲಿತ ವೇದಾಂತ ಒಂದೇ: ಎಲ್ಲ ವಿಚಿತ್ರದ ಹಿಂದೆಯೂ ಎಲ್ಲೋ ಒಂದು ಲೂಸ್ ಕಾಂಟ್ಯಾಕ್ಟ್ ಇದ್ದೇ ಇರುತ್ತದೆ.

ಹಾಗೆ ನಂಬಲು ಕಾರಣವೂ ಇತ್ತು. ತೊಂಬತ್ತರ ದಶಕದಲ್ಲಿ ಒಮ್ಮೆ ಹುಲ್ಲಹಳ್ಳಿಯ ಮದುವೆ ಮನೆಯೊಂದರಲ್ಲಿ ಹಾಡು ನಿಲ್ಲಿಸಿದ ಮೇಲೂ ಸ್ಪೀಕರ್ ತನ್ನಷ್ಟಕ್ಕೆ ಪಿಸುಗುಟ್ಟತೊಡಗಿತು. ಮನೆಯವರು ತೀರಿಹೋದ ಹಿರಿಯರು ಮಾತಾಡುತ್ತಿದ್ದಾರೆಂದು ಕೈಮುಗಿದು ನಿಂತರು. ನಾನು ಹೋಗಿ ನೋಡಿದರೆ, ಸಿಪ್ಪೆ ಸುಲಿದ ಮೈಕಿನ ವೈರು ರೇಡಿಯೋ ಸ್ಟೇಷನ್ನನ್ನು ಹಿಡಿದುಕೊಂಡಿತ್ತು. ಅವರು ಕೈಮುಗಿದಿದ್ದು ಕೃಷಿ ವಾರ್ತೆಗೆ! ಈ ಕತೆಯನ್ನು ನಾನು ಎಷ್ಟು ಸಲ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದಿಲ್ಲ.

ರತ್ನಮ್ಮನವರ ಪರಿಚಯವಾದದ್ದು ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾದ ಮೇಲೆ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಹೆಮ್ಮಿಗೆಗೆ ಸಮೀಪದ ಹೊಳೆದಂಡೆಯ ಒಂದು ಊರಿನ ಅಂಗನವಾಡಿ ಕಾರ್ಯಕರ್ತೆ ಅವರು. ಕೆಟ್ಟ ಟೇಪ್‌ರೆಕಾರ್ಡರ್ ಒಂದನ್ನು ರಿಪೇರಿಗೆ ತಂದವರು ಮಾತಿಗೆ ಮಾತು ಬೆಳೆದು ಹೇಳಿದರು: “ಟೀವಿ ಬಂದ್ಮೇಲೆ ನಮ್ಮೂರ ಅಬ್ಬದ್ ಪದಗೋಳು ಒಂದೂ ಉಳ್ದಿಲ್ಲ ಸಾ. ನಮ್ಮವ್ವನ್ ತಲೇಲ್ ಒಂದಷ್ಟವೆ. ಅವ್ರು ಓದ್ರೆ ಅದೂ ಓಯ್ತದೆ.”

ಹೀಗೆ ಶುರುವಾದದ್ದು ನಮ್ಮ ‘ಡೇರಿ ಕ್ಯಾಸೆಟ್ಟು’. ಹಬ್ಬದ ಹಾಡು, ಹಬ್ಬ ಮಾಡುವ ಕ್ರಮ, ಹಳಬರ ಮಾತು ಇವನ್ನೆಲ್ಲ ಹಿಡಿದು ಅರ್ಧ ಗಂಟೆಯ ಕಾರ್ಯಕ್ರಮ ಮಾಡುತ್ತಿದ್ದೆವು. ಸಂಜೆ ಹಾಲು ಹಾಕಲು ಜನ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲು ನಿಲ್ಲುತ್ತಾರಲ್ಲ, ಅಲ್ಲಿ ಅದನ್ನು ಹಾಕುತ್ತಿದ್ದೆವು. ಅವರೂ ಎಲ್ಲಿಗೆ ಹೋದಾರು, ಹಾಲು ಅಳೆಯುವವರೆಗೆ ಕೇಳಲೇಬೇಕು! ಹೆಮ್ಮಿಗೆಯಿಂದ ತಲಕಾಡಿನ ಕಡೆಗೆ ಆರೇಳು ಊರು ಸುತ್ತಿ ವಾಪಸ್ ಬರುವಷ್ಟರಲ್ಲಿ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಯಾರೋ ತಮ್ಮೂರಿನ ಹಾಡನ್ನೂ ತುಂಬಿ ಕಳಿಸಿರುತ್ತಿದ್ದರು. ಅದನ್ನು ಕೇಳುವಾಗ ಆಗುತ್ತಿದ್ದ ಸಂತೋಷ ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ.

ರತ್ನಮ್ಮನ ತಾಯಿಯ ಹೆಸರು ಸಣ್ಣತಾಯಮ್ಮ. ಬೊಚ್ಚುಬಾಯಿಯ, ಗಟ್ಟಿ ಗಂಟಲಿನ ಮುದುಕಿ. ಹಲ್ಲಿಲ್ಲದ್ದರಿಂದ ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಸಿಳ್ಳು ಸೇರಿಕೊಳ್ಳುತ್ತಿತ್ತು. ಆ ಊರಿನ ಕೊಂತಿ ಹಬ್ಬದ ಹಾಡುಗಳನ್ನು ಪೂರ್ತಿ ಬಲ್ಲವರು ಅವರೊಬ್ಬರೇ ಉಳಿದಿದ್ದರು. ಕೊಂತಿ ಎಂದರೆ ಪಾಂಡವರ ತಾಯಿ. ಆದರೆ ಅಲ್ಲಿಯ ಹೆಂಗಸರಿಗೆ ಅವಳು ದೀಪಾವಳಿಯ ಹೊತ್ತಿಗೆ ತವರಿಗೆ ಬರುವ ಮಗಳು. ಮಣ್ಣಿನ ಉಂಡೆ ಮಾಡಿ, ಹುಚ್ಚೆಳ್ಳು ಹೂ ಮುಡಿಸಿ, ಹಾಡಿ ಕರೆಯುತ್ತಾರೆ. ಕೆಲವು ದಿನ ಇಟ್ಟುಕೊಂಡು, ಹಾಡುತ್ತಲೇ ಹೊಳೆಗೆ ಕರೆದೊಯ್ದು ಕಳಿಸುತ್ತಾರೆ. ಆ ಹಬ್ಬ ಊರಿನಲ್ಲಿ ನಿಂತು ಹತ್ತು ವರ್ಷದ ಮೇಲಾಗಿತ್ತು.

ನಾನು ರೆಕಾರ್ಡಿಂಗಿಗೆ ಹೋದದ್ದು ಬೇಸಿಗೆಯಲ್ಲಿ, ಒಂದು ಬುಧವಾರ. ಸಣ್ಣತಾಯಮ್ಮ ಸುತರಾಂ ಒಪ್ಪಲಿಲ್ಲ.

“ಈಗ ಕರುದ್ರೆ ಬಂದ್ಬುಡ್ತಾಳೆ ಕಣಪ್ಪ. ಒಂದು ಉಚ್ಚೆಳ್ಳೂವೂ ಇಲ್ದಿರೋ ಕಾಲ್ದಲ್ಲಿ ಬಂದೋಳ್ಗೆ ಏನ್ ಮುಡ್ಸಾದು?”

“ಅವ್ವ, ಇದು ಬರೀ ರೆಕಾರ್ಡಿಂಗು. ನೀವು ಕರೀತಾ ಇರೋದು ಟೇಪಿಗೆ, ಕೊಂತಿಗಲ್ಲ,” ಎಂದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮಗಳ ಮುಖ ನೋಡಿ ಕೊನೆಗೆ ಒಪ್ಪಿದರು. ಆದರೆ ಬರಿಗೈಲಿ ಕರೆಯಲು ಮನಸ್ಸು ಬರಲಿಲ್ಲ. ಹೊಳೆಯ ಮಣ್ಣು ತರಿಸಿ ಉಂಡೆ ಮಾಡಿದರು, ಮೊರದಲ್ಲಿಟ್ಟು ದೀಪ ಹಚ್ಚಿದರು, ಬೇವಿನ ಹೂವನ್ನೇ ಮುಡಿಸಿದರು. ಬಾಗಿಲು ಮುಂದೆ ಮಾಡಿಕೊಂಡು ನಾವು ಮೂವರೇ ಕೂತೆವು. ‘ಬಾರವ್ವ ಕೊಂತಮ್ಮ, ಹುಚ್ಚೆಳ್ಳ ಹೊಲದಾಗೆ ಹಾದಿ ಬಿಟ್ಟೀವಿ’ ಎಂದು ಅವರು ಎತ್ತಿಕೊಂಡಾಗ ನಾನು ಮೀಟರಿನ ಮುಳ್ಳು ನೋಡುವುದನ್ನೂ ಮರೆತೆ. ಕರೆಯುವ ಹಾಡು, ಕೂರಿಸುವ ಹಾಡು, ತಲೆ ಬಾಚುವ ಹಾಡು, ಅತ್ತೆಮನೆಯ ಕಷ್ಟ ಕೇಳುವ ಹಾಡು. ಒಂದಾದ ಮೇಲೊಂದು ಬಂದವು. ಇನ್ನು ಉಳಿದದ್ದು ಕಳಿಸುವ ಹಾಡೊಂದೇ.

ಆಗ ನಾನು ಗಡಿಯಾರ ನೋಡಿದೆ. ನಾಲ್ಕೂವರೆ ಬಸ್ಸಿಗೆ ಹತ್ತು ನಿಮಿಷವಿತ್ತು. ಸಂಜೆ ನಂಜನಗೂಡಿನಲ್ಲಿ ಒಂದು ಆರತಕ್ಷತೆಗೆ ಮೈಕ್‌ಸೆಟ್ ಒಪ್ಪಿಕೊಂಡಿದ್ದೆ. ಕ್ಯಾಸೆಟ್ಟಿನಲ್ಲಿ ಇನ್ನೂ ಹತ್ತು ಹನ್ನೆರಡು ನಿಮಿಷದ ಟೇಪು ಉಳಿದಿತ್ತು, ರೆಕಾರ್ಡರಿನ ಪುಟ್ಟ ಕಿಟಕಿಯಲ್ಲಿ ನನಗೆ ಚೆನ್ನಾಗಿ ಕಾಣುತ್ತಿತ್ತು.

“ಟೇಪ್ ಮುಗೀತು ಅವ್ವ. ಬರೋ ಬುಧವಾರ ಬರ್ತೀನಿ, ಉಳಿದದ್ದು ಆಗ ಮಾಡೋಣ,” ಎಂದೆ.

ಸಣ್ಣತಾಯಮ್ಮನ ಮುಖ ಸಣ್ಣಗಾಯಿತು. “ಕಳಿಸ್ದೆ ಓಗ್ಬ್ಯಾಡ ಕಣಪ್ಪ. ಕರಿಯೋವಾಗ ಕುಂತಿದ್ದೋರು ಅಷ್ಟೂ ಜನ ಕಳ್ಸೋವಾಗ್ಲೂ ಇರ್ಬೇಕು. ನೀನಿಲ್ದೆ ನಾನು ಕಳ್ಸಂಗಿಲ್ಲ.”

“ಬುಧವಾರ, ಖಂಡಿತ,” ಎಂದು ಚೀಲ ಹೆಗಲಿಗೇರಿಸಿದೆ.

ಆ ಬುಧವಾರ ಹೋಗಲಿಲ್ಲ. ಮದುವೆಯ ಕಾಲ, ಅಂಗಡಿಯಲ್ಲಿ ಕೈತುಂಬ ಕೆಲಸ. ಮುಂದಿನ ಬುಧವಾರವೂ ಹೋಗಲಿಲ್ಲ. ಅದರ ಮುಂದಿನದಕ್ಕೆ ನೆನಪೇ ಇರಲಿಲ್ಲ. ನಾಲ್ಕನೆಯ ವಾರ ಡೇರಿಯಿಂದ ರತ್ನಮ್ಮ ಫೋನು ಮಾಡಿದರು. “ಅವ್ವ ಓಗ್ಬುಟ್ರು ಸಾ,” ಎಂದರು. ಮಣ್ಣಿಗೂ ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಹನ್ನೊಂದು ದಿನ ಕಳೆದ ಮೇಲೆ ಮತ್ತೆ ಫೋನು ಬಂತು. “ಕೊಂತಿ ಇನ್ನೂ ಮನೇಲೇ ಅವ್ಳೆ ಸಾ. ಮುಟ್ಟಕ್ಕೆ ಯಾರೂ ಒಪ್ತಿಲ್ಲ. ನೀವ್ ಬರ್ಲೇಬೇಕು.”

ಮಾರನೆಯ ದಿನವೇ ಹೋದೆ. ಮೊರ ಅದೇ ಮೂಲೆಯಲ್ಲಿತ್ತು. ಉಂಡೆ ಒಣಗಿ ಬಿರುಕು ಬಿಟ್ಟಿತ್ತು, ಮುಂದೆ ದೀಪ ಉರಿಯುತ್ತಿತ್ತು. ಅವ್ವ ಸಾಯುವ ದಿನದವರೆಗೂ ಅದಕ್ಕೆ ಎಣ್ಣೆ ತಪ್ಪಿಸಿರಲಿಲ್ಲವಂತೆ, ಆಮೇಲೆ ಮಗಳು ಹಾಕುತ್ತಿದ್ದರಂತೆ. ನಡುವೆ ಜ್ವರ ಬಂತಂತೆ. ನರಸೀಪುರದ ಆಸ್ಪತ್ರೆಗೆ ಹೋಗೋಣವೆಂದು ಮಗಳು ಆಟೋ ಕರೆಸಿ ಬಾಗಿಲಲ್ಲಿ ನಿಲ್ಲಿಸಿದರೂ ಮುದುಕಿ ಜಗ್ಗಲಿಲ್ಲವಂತೆ.

“‘ಎಣ್ಮಗ್ಳು ಮನೇಲ್ ಕುಂತವ್ಳೆ, ಅವಳ್ನ ಬುಟ್ಟು ನಾನೆಂಗ್ ಬಾಗ್ಲಾಕ್ಕಂಡ್ ಬರ್ಲಿ? ಮೈಕಿನೋನು ಬರ್ಲಿ, ಕಳಿಸ್ಬುಟ್ಟು ಬತ್ತೀನಿ’ ಅಂದ್ರು ಸಾ. ಪ್ರತಿ ಬುಧ್ವಾರ ಬಸ್ಸಿನ್ ಸದ್ದಿಗೆ ಬಾಗ್ಲಿಗ್ ಬಂದ್ ನಿಂತ್ಕತಿದ್ರು,” ಎಂದರು ರತ್ನಮ್ಮ. ಅವರು ನನ್ನನ್ನು ದೂರಲಿಲ್ಲ. “ಪಾಪ, ಟೇಪ್ ಮುಗುದ್ರೆ ನೀವಾದ್ರೂ ಏನ್ ಮಾಡೀರಿ?” ಎಂದರು. ಆ ಮಾತು ನನ್ನ ಎದೆಗೆ ನಾಟಿತು. ಆದರೂ ಬಾಯಿ ಬಿಡಲಿಲ್ಲ.

ಕಳಿಸುವ ಹಾಡು ರತ್ನಮ್ಮನಿಗೆ ಬರುತ್ತಿರಲಿಲ್ಲ. ಓದಿದ ಹುಡುಗಿಗೆ ಅವ್ವನ ಹಾಡೆಂದರೆ ನಾಚಿಕೆಯಂತೆ. ಒಂದನ್ನೂ ಕಲಿಯಲಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಹಾಡಿಲ್ಲದಿದ್ದರೂ ಸರಿ, ಹೊಳೆಗೆ ಬಿಟ್ಟು ಬರೋಣ ಎಂದುಕೊಂಡೆವು. ಅವರು ಮೊರವನ್ನು ತಲೆಯ ಮೇಲಿಟ್ಟುಕೊಂಡರು. ನಾನು ರೆಕಾರ್ಡರನ್ನು ಹೆಗಲಿಗೆ ಹಾಕಿ, ಅದೇ ಕ್ಯಾಸೆಟ್ಟಿನ ಉಳಿದ ಭಾಗಕ್ಕೆ ರೆಕಾರ್ಡ್ ಗುಂಡಿ ಒತ್ತಿದೆ. ಹೊಳೆಯ ಸದ್ದಾದರೂ ಇರಲಿ ಎಂಬ ಹಳೇ ಅಭ್ಯಾಸ.

ರಾತ್ರಿಯಲ್ಲ, ಮುಸ್ಸಂಜೆಯೂ ಅಲ್ಲ. ಬೆಳಗಿನ ಹತ್ತು ಗಂಟೆಯ ಹಾಡುಹಗಲು. ಮರಳಿನಲ್ಲಿ ರತ್ನಮ್ಮ ಮುಂದೆ, ನಾನು ಹಿಂದೆ. ನಡುವೆ ಹತ್ತು ಮಾರು ದೂರ. ಹಿಂದಿನಿಂದ ನನಗೆ ಕಂಡದ್ದು ಅವರ ಬೆನ್ನು, ತಲೆಯ ಮೇಲಿನ ಮೊರ, ಇಷ್ಟೇ. ಬಟ್ಟೆ ಒಗೆಯುವ ಕಲ್ಲುಗಳು ಕಾಣಿಸುವ ಹೊತ್ತಿಗೆ ಅವರು ಹಾಡತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಬರುವುದಿಲ್ಲ ಎಂದವರು ಒಂದು ಕಡೆಯೂ ತಡವರಿಸದೆ ಹಾಡುತ್ತಿದ್ದರು. ಹೊಳೆ ದಾಟಿ ಹೋಗುವ ಮಗಳಿಗೆ ತಾಯಿ ಬುದ್ಧಿ ಹೇಳುವ ಹಾಡು ಅದು. ಸಾಲಿನ ಕೊನೆಗೊಂದು ಸಣ್ಣ ಸಿಳ್ಳು ಬರುತ್ತಿತ್ತು. ತಾಯಿಯ ಗಂಟಲು ಮಗಳಿಗೆ ಬಂದಿದೆ ಎಂದುಕೊಂಡು ನಾನು ಅಳುತ್ತಲೇ ನಡೆದೆ. ಅವರಿಗೆ ಹಲ್ಲೆಲ್ಲ ನೆಟ್ಟಗಿರುವುದು ಆಗ ನನಗೆ ಹೊಳೆಯಲಿಲ್ಲ.

ಉಂಡೆ ನೀರಿಗೆ ಬಿತ್ತು. ಹಾಡು ನಿಂತಿತು. ರತ್ನಮ್ಮ ಮುಖ ತೊಳೆದುಕೊಂಡು ತಿರುಗಿದರು. ಕೆನ್ನೆ ಒದ್ದೆಯಾಗಿತ್ತು, ಆದರೆ ಮುಖದಲ್ಲಿ ಒಂದು ನೆಮ್ಮದಿಯಿತ್ತು.

“ನಂಗೆ ಯೋಳ್ನೇ ಇಲ್ವಲ್ಲ ಸಾ ನೀವು. ಅವ್ವನ್ ಕೈಲಿ ಇದ್ನ ಯಾವಾಗ್ ಆಡ್ಸ್ಕಂಡ್ರಿ? ಎದುರ್ಗೇ ಆಡ್ದಂಗ್ ಕೇಳುಸ್ತು.”

ನನಗೆ ಅರ್ಥವಾಗಲಿಲ್ಲ. “ಹಾಡಿದ್ದು ನೀವಲ್ವಾ ಅಮ್ಮ?” ಎಂದೆ.

“ನಾನಾ? ನಂಗೆಲ್ಲಿ ಬತ್ತದೆ? ನೀವು ಗುಂಡಿ ಒತ್ತುದ್ರಲ್ಲ, ನಿಮ್ ಟೇಪ್ನಿಂದ್ಲೇ ತಾನೆ ಬಂದಿದ್ದು, ನನ್ ಇಂದ್ಗಡೆಯಿಂದ?”

ಅಷ್ಟರಲ್ಲಿ ನನ್ನ ಹೆಗಲ ಮೇಲಿನ ಯಂತ್ರ ಟಕ್ಕೆಂದು ನಿಂತಿತು. ಟೇಪು ಮುಗಿದಿತ್ತು.

ಅಲ್ಲೇ ಕಲ್ಲಿನ ಮೇಲೆ ಕೂತು ಹಿಂದಕ್ಕೆ ಸುತ್ತಿ ಹಾಕಿದೆವು. ನಮ್ಮ ಚಪ್ಪಲಿಯ ಸದ್ದು, ದೂರದಲ್ಲೊಂದು ನಾಯಿ, ಹತ್ತಿರ ಹತ್ತಿರವಾಗುವ ನೀರಿನ ಸದ್ದು, ಉಂಡೆ ಬಿದ್ದದ್ದು, ಆಮೇಲೆ ನಾವಿಬ್ಬರೂ ಆಡಿದ ಮಾತು, ಒಂದೊಂದು ಪದವೂ ಸ್ಪಷ್ಟ. ಹಾಡು ಮಾತ್ರ ಎಲ್ಲೂ ಇಲ್ಲ. ಇಬ್ಬರೂ ನೆನಪಿಸಿಕೊಳ್ಳಲು ನೋಡಿದೆವು. ಒಂದು ಸಾಲೂ ಬಾಯಿಗೆ ಬರಲಿಲ್ಲ. ಮುಂದೆ ನಡೆದವರಿಗೆ ಹಿಂದಿನಿಂದ ಕೇಳಿತ್ತು, ಹಿಂದೆ ನಡೆದವನಿಗೆ ಮುಂದಿನಿಂದ ಕೇಳಿತ್ತು.

ಅಂಗಡಿಗೆ ಬಂದವನು ರೆಕಾರ್ಡರನ್ನು ಪೂರ್ತಿ ಬಿಚ್ಚಿದೆ. ಹೆಡ್ ತೊಳೆದೆ, ಮೈಕು ಬದಲಿಸಿ ನೋಡಿದೆ, ಒಂದೊಂದು ಬೆಸುಗೆಯನ್ನೂ ಕಡ್ಡಿಯಿಂದ ಅಲ್ಲಾಡಿಸಿ ನೋಡಿದೆ. ಎಲ್ಲೂ ಲೂಸ್ ಕಾಂಟ್ಯಾಕ್ಟ್ ಇರಲಿಲ್ಲ. ದುಃಖದಲ್ಲಿ ರತ್ನಮ್ಮ ತಾವೇ ಹಾಡಿ ಮರೆತಿರಬಹುದು, ನನ್ನ ತಪ್ಪಿತಸ್ಥ ಮನಸ್ಸು ಕಿವಿಯಾಗಿರಬಹುದು. ಇವೆಲ್ಲ ನಾನೇ ನನಗೆ ಹೇಳಿಕೊಂಡ ಉತ್ತರಗಳು. ಆದರೆ ಟೇಪಿಗೆ ದುಃಖವೂ ಇಲ್ಲ, ತಪ್ಪೂ ಇಲ್ಲ. ಅವರು ಹಾಡಿದ್ದರೆ ಅದು ಹಿಡಿಯಬೇಕಿತ್ತು. ಯಾರೂ ಹಾಡದಿದ್ದರೆ ಇಬ್ಬರೂ ಕೇಳಿದ್ದೇನು?

ಆ ಕ್ಯಾಸೆಟ್ಟನ್ನು ನಾವು ಯಾವ ಡೇರಿಯಲ್ಲೂ ಹಾಕಲಿಲ್ಲ. ಕಳಿಸುವ ಹಾಡಿಲ್ಲದೆ ಕರೆಯುವ ಹಾಡನ್ನು ಕೇಳಿಸುವುದು ಬೇಡ ಎಂದರು ರತ್ನಮ್ಮ. ನಾನೂ ಹೂಂ ಎಂದೆ. ಈಚೆಗೆ ಯಾರೋ ಬಂದು, ಕೊಡಿ, ಕಂಪ್ಯೂಟರಿಗೆ ಹಾಕಿ ದೇಶವೆಲ್ಲ ಕೇಳುವ ಹಾಗೆ ಮಾಡುತ್ತೇವೆ ಎಂದರು. ಕೊಡಲಿಲ್ಲ.

ದೀಪಾವಳಿಗೆ ಪ್ರತಿ ವರ್ಷ ರತ್ನಮ್ಮ ಫೋನು ಮಾಡುತ್ತಾರೆ. “ಅವತ್ತು ಇನ್ನೊಂದು ಟೇಪ್ ಇದ್ದಿದ್ರೆ ಸಾ...” ಎನ್ನುತ್ತಾರೆ. ನಾನು ಹೌದಮ್ಮ ಎನ್ನುತ್ತೇನೆ. ಫೋನು ಇಟ್ಟ ಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಆ ಕೊನೆಯ ಹತ್ತು ನಿಮಿಷವನ್ನು ಕೇಳುತ್ತೇನೆ. ನೀರು ಹರಿಯುತ್ತಿರುತ್ತದೆ. ಹೊಳೆಯ ದಂಡೆಯಲ್ಲಿ ಕೇಳಿದ್ದೇನೆಂದು ನನಗೆ ಇಂದಿಗೂ ತಿಳಿಯದು. ಆದರೆ ತಿಳಿದಿರುವ ಒಂದು ಸಂಗತಿಯನ್ನು ಇಷ್ಟು ವರ್ಷ ಹೇಳದೆ ಬಚ್ಚಿಟ್ಟಿದ್ದೆ. ಅದನ್ನು ಇಲ್ಲಿ ಬರೆದಿದ್ದೇನೆ, ಅವರು ಓದಿದರೆ ಓದಲಿ.

ಅವತ್ತು ಟೇಪ್ ಮುಗಿದಿರಲಿಲ್ಲ ರತ್ನಮ್ಮ.