ತಡವಾಗಿದ್ದಕ್ಕೆ ಉಮ್ಮೆ ಕುಲ್ಸುಂ ಕೊಟ್ಟ ಕಾರಣ

ಉಮ್ಮೆ ಕುಲ್ಸುಂ ಮದುವೆಯಾಗಿ ಶಿವಾಜಿನಗರಕ್ಕೆ ಬಂದಾಗ ಅವಳ ಗಂಡ ದಸ್ತಗೀರ್‌ಗೆ ಸ್ವಂತದ್ದು ಅಂತ ಇದ್ದದ್ದು ಒಂದು ಹೊಲಿಗೆ ಮೆಷಿನ್ನು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿದು ಅವನು ಕ್ಯಾನ್ವಾಸ್ ಚೀಲ ಹೊಲಿಯುತ್ತಿದ್ದ. ವರ್ಗವಾಗಿ ಹೊರಟ ಸಿಪಾಯಿಗಳಿಗೆ ಹಾಸಿಗೆ ಸುತ್ತಿಕೊಳ್ಳುವ ಹೋಲ್ಡಾಲ್, ವಿಮಾನಪುರದ ಕಡೆಯ ವರ್ಕ್‌ಶಾಪುಗಳಿಗೆ ಸ್ಪ್ಯಾನರ್ ಇಡುವ ಉದ್ದನೆಯ ಚೀಲ. ದಪ್ಪ ಬಟ್ಟೆಯ ಮೂಲೆ ತಿರುಗಿಸುವಾಗ ಸೂಜಿ ಮುರಿಯದ ಹಾಗೆ ಗಾಲಿಯನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸುವುದನ್ನು ಅವಳಿಗೆ ಕಲಿಸಿದವನು ಅವನೇ. ಕೆಲವು ವರ್ಷಗಳಲ್ಲಿ ಮನೆಯ ನಡುಕೋಣೆಗೂ ಒಂದು ಮೆಷಿನ್ನು ಬಂತು. ಹಿಡಿಕೆ, ಅಂಚುಪಟ್ಟಿಗಳೆಲ್ಲ ಅವಳ ಕೈಯಿಂದಲೇ ಮಳಿಗೆಗೆ ಹೋಗುತ್ತಿದ್ದವು. ಆದರೆ ಒಬ್ಬ ಗಿರಾಕಿಯ ಮುಖವನ್ನೂ ಅವಳು ನೋಡಿದವಳಲ್ಲ.

ತೊಂಬತ್ತರ ದಶಕದ ನಡುವಿಗೆ ವ್ಯಾಪಾರ ಒಂದಿಷ್ಟು ಬೆಳೆದು ಸೇಲ್ಸ್ ಟ್ಯಾಕ್ಸಿನವರ ಲೆಕ್ಕಕ್ಕೆ ಬಂತು. ದಸ್ತಗೀರ್ ಎರಡು ಬಗೆಯ ಕೆಲಸ ಮಾಡುತ್ತಿದ್ದ. ಕೆಲವು ಚೀಲಗಳನ್ನು ತಾನೇ ಬಟ್ಟೆ ತಂದು ಹೊಲಿದು ಮಾರುತ್ತಿದ್ದ. ವರ್ಕ್‌ಶಾಪುಗಳವರು ಬಟ್ಟೆ ತಾವೇ ಕಳಿಸುತ್ತಿದ್ದರು; ಅಲ್ಲಿ ಅವನಿಗೆ ಸಿಗುತ್ತಿದ್ದದ್ದು ಹೊಲಿದ ಕೂಲಿ ಮಾತ್ರ. ಲೆಕ್ಕ ನೋಡಿದ ಅಧಿಕಾರಿ ಎರಡನ್ನೂ ಮಾರಾಟವೆಂದೇ ಹಿಡಿಯುವ ಸೂಚನೆ ಕಂಡಿತು. ಹಾಗೇನಾದರೂ ಆದೇಶ ಬಂದರೆ ಅಪೀಲಿಗೆ ಹೋಗುವುದೇ ಸರಿ, ಕೂಲಿಗೆಲ್ಲಿಯ ಮಾರಾಟ ತೆರಿಗೆ ಎಂದು ಊಟ ಮಾಡುತ್ತ ಒಂದೆರಡು ಸಲ ಹೆಂಡತಿಗೆ ಹೇಳಿದ್ದ.

ತೊಂಬತ್ತೆಂಟರ ಜನವರಿಯಲ್ಲಿ, ರಂಜಾನ್ ತಿಂಗಳ ನಡುವೆ, ಒಂದು ಬೆಳಗ್ಗೆ ಅವನು ಮಳಿಗೆಯ ಬಾಗಿಲು ತೆಗೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇದ್ದು ದುಃಖ ಕಳೆಯುವುದನ್ನು ಅವರಲ್ಲಿ ಇದ್ದತ್ ಎನ್ನುತ್ತಾರೆ. ಉಮ್ಮೆ ಕುಲ್ಸುಂ ಇದ್ದತ್ತಿಗೆ ಕೂತಳು. ಮೈದುನ ಅಕ್ತರ್ ತನ್ನ ಆಟೋ ಓಡಿಸುವುದನ್ನು ಬಿಟ್ಟು ಮಳಿಗೆ ನೋಡಿಕೊಂಡ. ಹಬ್ಬ ಮುಗಿದ ಮೇಲೆ ಆದೇಶ ಬಂದದ್ದು ಅವನ ಕೈಗೆ. ಕೂಲಿಗೂ ತೆರಿಗೆ ಹಾಕಿದ್ದರು. ಅಪೀಲು ಹಾಕುವುದಾದರೆ ಮೂವತ್ತು ದಿನದೊಳಗೆ ಹಾಕಬೇಕು. ಅವನು ಪರದೆಯ ಆಚೆ ನಿಂತು ಎಲ್ಲ ಓದಿ ಹೇಳಿ, ಯಾಕೆ ತಕರಾರು, ಕಂತಿನಲ್ಲಿ ಕಟ್ಟಿಬಿಡೋಣ ಎಂದ. ಅಪೀಲೇ ಸರಿ ಎಂದ ಗಂಡನ ಮಾತನ್ನು ಅವಳು ಮರೆತಿರಲಿಲ್ಲ.

ಅತ್ತೆ ಚಾಂದ್ ಬೀ ಮಗನನ್ನು ಕಳೆದುಕೊಂಡ ಸಂಕಟದಲ್ಲೂ ವಿವೇಕ ಬಿಟ್ಟವಳಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ ಹಗಲಲ್ಲಿ ಹೋಗಿ ಬರಬಹುದು, ತಿಳಿದವರನ್ನು ಕೇಳಿದ್ದೇನೆ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ ಎಂದಳು. ಉಮ್ಮೆ ಕುಲ್ಸುಂಗೆ ಏಳಲಾಗಲಿಲ್ಲ. ಅವಳನ್ನು ಕಟ್ಟಿಹಾಕಿದ್ದು ಧರ್ಮವಲ್ಲ. ಹೊಸಿಲು ದಾಟಿ ಬೀದಿಗೆ ಇಳಿದರೆ ಅವನು ಇಲ್ಲವೆನ್ನುವುದನ್ನು ತಾನೂ ಒಪ್ಪಿಕೊಂಡಂತಾಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಗಡುವು ದಾಟಿತು.

ಮೇ ಕೊನೆಗೆ ಇದ್ದತ್ ಮುಗಿಯಿತು. ದಸ್ತಗೀರನ ಲೆಕ್ಕಪತ್ರ ನೋಡುತ್ತಿದ್ದ ಶ್ರೀನಿವಾಸ್ ಎಂಬ ತೆರಿಗೆ ಸಲಹೆಗಾರನ ಆಫೀಸು ಹಲಸೂರಿನ ಬಜಾರ್ ಬೀದಿಯಲ್ಲಿ, ಸ್ಟೇಷನರಿ ಅಂಗಡಿಯೊಂದರ ಮೇಲಿತ್ತು. ಅವಳು ಒಬ್ಬಳೇ ಹೊರಟಳು. ಕಿರಿದಾದ ಮೆಟ್ಟಿಲಿನ ಮೇಲೂ ಗಂಡಸರು ಫೈಲು ಹಿಡಿದು ಕೂತಿದ್ದರು. ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದಳು. ಮುಂದಿನ ವಾರ ಹೋದಾಗಲೂ ಹಾಗೇ ಆಯಿತು. ಸೊಸೆ ಮತ್ತೆ ಬರಿಗೈಯಲ್ಲಿ ಬಂದದ್ದನ್ನು ನೋಡಿ ಚಾಂದ್ ಬೀ ಚಹಾ ಮಾಡಿಕೊಟ್ಟಳು. ಮೂರನೆಯ ಸಲ ಉಮ್ಮೆ ಕುಲ್ಸುಂ ದಾರಿ ಬಿಡಿ ಎಂದು ಕೇಳಿಕೊಂಡು ಮೆಟ್ಟಿಲು ಹತ್ತಿದಳು.

ಶ್ರೀನಿವಾಸ್ ಒಳ್ಳೆಯ ಮನುಷ್ಯ. ಕೂಲಿಯ ವಿಷಯದಲ್ಲಿ ಕೇಸು ಗಟ್ಟಿಯಾಗಿದೆ, ಆದರೆ ತಡವನ್ನು ಮನ್ನಿಸಿದರೆ ಮಾತ್ರ ಅದು ವಿಚಾರಣೆಗೆ ಬರುತ್ತದೆ ಎಂದು ತಿಳಿಸಿ ಹೇಳಿದ. ತಡಕ್ಕೆ ಕಾರಣ ಕೊಟ್ಟು ಪ್ರಮಾಣಪತ್ರ, ಅಂದರೆ ಅಫಿಡವಿಟ್, ಹಾಕಬೇಕಿತ್ತು.

"ಕಾಮಾಲೆ ಅಂತ ಬರೆಯೋಣಮ್ಮ. ಪರಿಚಯದ ಡಾಕ್ಟರ್ ಇದಾರೆ, ಸರ್ಟಿಫಿಕೇಟ್ ಕೊಡ್ತಾರೆ. ಎಲ್ರೂ ಹೀಗೇ ಮಾಡೋದು, ಯಾರೂ ಜಾಸ್ತಿ ಕೇಳಲ್ಲ."

"ನಂಗೆ ಕಾಮಾಲೆ ಆಗಿರ್ಲಿಲ್ಲ ಸಾರ್. ನಮ್ಮ ಯಜಮಾನ್ರು ಹೋಗ್ಬಿಟ್ರು."

ಶ್ರೀನಿವಾಸ್ ಪೆನ್ನು ಕೆಳಗಿಟ್ಟು, ಹಾಗಾದರೆ ಇದ್ದತ್ ಅಂತಲೇ ಬರೆಯೋಣ ಎಂದ. ಅಪೀಲು ಕೇಳುವ ಅಧಿಕಾರಿ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೋ ಹೇಳಲಾಗುವುದಿಲ್ಲ ಎಂದೂ ಸೇರಿಸಿದ. ಜುಲೈ ಮೊದಲಲ್ಲಿ ಅಪೀಲು ದಾಖಲಾಯಿತು.

ವಿಚಾರಣೆಯ ದಿನ ಅವಳ ಜೊತೆ ಅಕ್ತರ್ ಕೂಡ ಬಂದ. ಮೇಲ್ಮನವಿ ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದ, ಮೆಲುದನಿಯ ಮನುಷ್ಯ. ಪ್ರಮಾಣಪತ್ರವನ್ನು ಪೂರ್ತಿ ಓದಿ, ಶ್ರೀನಿವಾಸ್ ಮಾತು ಶುರುಮಾಡುವ ಮೊದಲೇ ಅವಳ ಕಡೆ ತಿರುಗಿದರು.

"ಅಂಗಡಿ ಮುಚ್ಚಿರ್ಲಿಲ್ಲ. ಇದ್ದತ್ ಮುಗಿದಿದ್ದು ಮೇ ಕೊನೇಲಿ, ಅರ್ಜಿ ಬಂದಿರೋದು ಜುಲೈನಲ್ಲಿ. ಆ ಮಧ್ಯದ ದಿನಗಳಿಗೆ ಏನ್ ಹೇಳ್ತೀರಮ್ಮ?"

ಇದ್ದತ್ ಇತ್ತು ಎಂದಷ್ಟೇ ಹೇಳಿ, ಮಿಕ್ಕದ್ದು ನನಗೆ ಬಿಡಿ ಎಂದು ಶ್ರೀನಿವಾಸ್ ಮೊದಲೇ ಹೇಳಿಕೊಟ್ಟಿದ್ದ. ಅವಳಿಗೆ ಅದು ನೆನಪಿತ್ತು. ಆದರೆ ಅರ್ಧ ಹೇಳಿದರೆ ಅದೂ ಕಾಮಾಲೆಯಂಥದೇ ಮಾತಾಗುತ್ತದೆ ಎನ್ನಿಸಿತು.

"ಅಂಗಡಿ ತೆಗೆದೇ ಇತ್ತು ಸಾರ್, ಮೈದುನ ನೋಡ್ಕೊಂಡ್ರು. ಇದ್ದತ್ ಇದ್ರೂ ಇಂಥ ಕೆಲ್ಸಕ್ಕೆ ಹೋಗ್ಬಹುದು ಅಂತ ನಮ್ಮತ್ತೆ ಹೇಳಿದ್ರು. ನಂಗೇ ಆಗ್ಲಿಲ್ಲ. ಮುಗಿದ ಮೇಲೆ ಎರಡು ಸಲ ಇವರ ಆಫೀಸಿನ ಕೆಳಗಿನ ತನಕ ಬಂದು ವಾಪಸ್ ಹೋದೆ. ಮೆಟ್ಟಿಲ ತುಂಬ ಗಂಡಸರಿದ್ರು. ನಮ್ಮ ಯಜಮಾನ್ರು ಇರೋವಾಗ ನಾನು ಇಂಥ ಕಡೆಗೆಲ್ಲ ಹೋದೋಳಲ್ಲ."

ಶ್ರೀನಿವಾಸ್ ತಟ್ಟನೆ ಅವಳತ್ತ ನೋಡಿದ. ಮೆಟ್ಟಿಲ ಕೆಳಗಿನ ಕಥೆ ಅವನಿಗೂ ಹೊಸದು. ಅಧಿಕಾರಿ ಏನೋ ಬರೆದುಕೊಂಡು, ಕೂಲಿಯ ವಿಷಯದಲ್ಲಿ ಶ್ರೀನಿವಾಸ್ ಹೇಳಿದ್ದನ್ನೂ ಕೇಳಿ, ಆದೇಶ ಕಳಿಸುತ್ತೇವೆ, ಹೋಗಿಬನ್ನಿ ಎಂದರು.

ಹೊರಗೆ ಬಂದ ಮೇಲೆ ಅಕ್ತರ್ ಬಸ್ ನಿಲ್ದಾಣದವರೆಗೂ ಮುಂದೆ ಮುಂದೆ ನಡೆದ. ಮನೆಯ ಸಂಕಟವನ್ನು ಹೊರಗಿನ ಗಂಡಸಿನ ಮುಂದೆ ಹೇಳಿದ್ದು ಅವನಿಗೆ ಹಿಡಿಸಿರಲಿಲ್ಲ. "ಅಣ್ಣನ ಮರ್ಯಾದೆ ನೋಡ್ಬೇಕಿತ್ತು ಭಾಬಿ" ಎಂದ, ಅಷ್ಟೇ. ಅವಳಿಗೆ ಸಿಟ್ಟು ಬರಲಿಲ್ಲ. ಆಟೋ ಬಿಟ್ಟು ಇಷ್ಟು ತಿಂಗಳು ಮಳಿಗೆಯಲ್ಲಿ ಕೂತವನು ಅವನು. ಅವನ ದುಃಖ ಹೊರಬಂದ ರೀತಿ ಅದು ಎಂದುಕೊಂಡಳು. ಆದರೂ ಆ ಮಾತು ಬಹಳ ದಿನ ಚುಚ್ಚಿತು.

ತಿಂಗಳ ಮೇಲೆ ಆದೇಶ ಬಂತು. ತಡವನ್ನು ಮನ್ನಿಸಿದ್ದರು. ಕೂಲಿಯ ಮೇಲಿನ ತೆರಿಗೆಯನ್ನು ತೆಗೆದುಹಾಕಿದ್ದರು. ಸ್ವಂತ ಬಟ್ಟೆಯ ಚೀಲಗಳದ್ದು ಹಾಗೇ ಉಳಿದಿತ್ತು, ಅದನ್ನು ಕಟ್ಟಲೇಬೇಕಿತ್ತು. ಶ್ರೀನಿವಾಸ್ ಆದೇಶವನ್ನು ಕನ್ನಡದಲ್ಲಿ ಬಿಡಿಸಿ ಹೇಳುವಾಗ ಅವಳು ಒಂದು ಕಡೆ ತಡೆದಳು. ತಡಕ್ಕೆ ಸಾಕಷ್ಟು ಕಾರಣವಿದೆ ಎಂಬ ಒಂದೇ ಸಾಲು ಅಲ್ಲಿತ್ತು.

"ಯಾವ ಕಾರಣ ಸಾಕಾಯ್ತು ಅಂತ ಬರೆದಿಲ್ವಾ ಸಾರ್?"

"ಇಲ್ಲಮ್ಮ. ಅಷ್ಟೇ ಬರೆಯೋದು."

ದಸ್ತಗೀರ್ ಸತ್ತದ್ದೋ, ತನಗೆ ಏಳಲಾಗದೆ ಹೋದದ್ದೋ, ಮೆಟ್ಟಿಲ ಕೆಳಗೆ ನಿಂತು ಹೆದರಿದ್ದೋ? ಮನೆಗೆ ಬರುವ ದಾರಿಯಲ್ಲಿ ಹಲಸೂರು ಕೆರೆಯ ಪಕ್ಕ ನಡೆಯುತ್ತ ಅವಳು ಅದನ್ನೇ ಯೋಚಿಸಿದಳು. ಕಾಮಾಲೆ ಎಂದಿದ್ದರೂ ಇದೇ ಸಾಲು ಬರುತ್ತಿತ್ತೇನೋ. ಆ ಅಧಿಕಾರಿ ಬರೆಯಲಿ ಬಿಡಲಿ, ತಾನು ಹೇಳಿದ್ದನ್ನು ನಡುವೆ ತಡೆಯದೆ ಕೇಳಿದ್ದರು. ಗಂಡ ತೀರಿಕೊಂಡ ಮೇಲೆ ಅಷ್ಟು ಮಾತನ್ನು ಅವಳು ಯಾರ ಮುಂದೆಯೂ ಒಟ್ಟಿಗೆ ಆಡಿರಲಿಲ್ಲ.

ಆ ವರ್ಷದ ಕೊನೆಗೆ ಅಕ್ತರ್ ಮತ್ತೆ ಆಟೋ ಹತ್ತಿದ. ಉಮ್ಮೆ ಕುಲ್ಸುಂ ಬೆಳಗ್ಗೆ ತಾನೇ ಹೋಗಿ ಮಳಿಗೆಯ ಬಾಗಿಲು ತೆಗೆಯತೊಡಗಿದಳು. ಮೊದಮೊದಲು ವರ್ಕ್‌ಶಾಪಿನವರು ಅಕ್ತರ್ ಎಲ್ಲಿ ಎಂದು ಕೇಳುತ್ತಿದ್ದರು. ಆಮೇಲೆ ಬಟ್ಟೆಯ ಸುರುಳಿ ಇಳಿಸಿ ಅಳತೆಯನ್ನು ಅವಳಿಗೇ ಹೇಳತೊಡಗಿದರು.