ಭಾವನಿಗೆ ಕೇಳಿಸದ ಶಿಳ್ಳೆ

ನಮ್ಮ ಭಾವ ದ್ವಾರಕಾನಾಥರಿಗೆ ಕಿವಿ ಮಂದ ಎಂದು ಹೇಳುವ ಧೈರ್ಯ ಬಾಗಲಗುಂಟೆಯಲ್ಲಿ ಯಾರಿಗೂ ಇರಲಿಲ್ಲ. ಸರ್ಕಾರಿ ಕಾರ್ಖಾನೆಯ ಮೆಂಟೆನೆನ್ಸ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಆ ಕಿವಿಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಆದರೆ ಕಾರ್ಖಾನೆಯ ಗದ್ದಲ ಅದೇ ಕಿವಿಯನ್ನು ತಿಂದುಹಾಕಿತ್ತು. ಎರಡು ವರ್ಷದಿಂದ ನನ್ನ ಅಕ್ಕ ಸತ್ಯವತಿ ಡಾಕ್ಟರಿಗೆ ತೋರಿಸಿ ಎಂದರೆ, "ನೀನು ಬಾಯೊಳಗೇ ಗೊಣಗ್ತೀಯ" ಎಂದು ತಪ್ಪನ್ನು ಅವಳ ತಲೆಗೇ ಕಟ್ಟುತ್ತಿದ್ದರು.

ಕಳೆದ ಡಿಸೆಂಬರ್‌ನಲ್ಲಿ ನಾನು ಅವರ ಮನೆಗೆ ಹೋದಾಗ ಅಕ್ಕ ಸ್ನಾನಕ್ಕೆಂದು ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸುತ್ತಿದ್ದಳು. ಬಚ್ಚಲಲ್ಲಿ ಕರೆಂಟ್ ಗೀಸರ್ ಇದೆ. ಟ್ಯಾಂಕ್ ಇಲ್ಲದ್ದು, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಕೊಡುವಂಥದ್ದು. ಅದು ಒಂದು ವಾರದಿಂದ ಕೂಗುತ್ತಿದೆಯಂತೆ. ಸಿಡಿದುಬಿಟ್ಟರೆ ಎಂದು ಅವಳಿಗೆ ಹೆದರಿಕೆ. ಭಾವನ ಪ್ರಕಾರ ಶಬ್ದವೇ ಇಲ್ಲ.

"ನಂದು ಭ್ರಮೆ ಅಂತಾರೆ ಕಣೇ" ಎಂದಳು. ಬಿಸಿನೀರಿಲ್ಲದ್ದಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ನೋಯಿಸಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಭಾವನನ್ನು ಬಚ್ಚಲಿಗೆ ಕರೆದು ನಲ್ಲಿ ತಿರುಗಿಸಿದೆ. ಹಲ್ಲು ಜುಮ್ಮೆನ್ನುವಂಥ ಸಣ್ಣ ಶಿಳ್ಳೆ ಎದ್ದಿತು. ಭಾವ ಪೈಪಿಗೆ ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿ ಕೇಳಿ, "ಫಸ್ಟ್ ಕ್ಲಾಸಾಗಿದೆ" ಎಂದು ತೀರ್ಪು ಕೊಟ್ಟರು.

"ಭಾವ, ಕಿವಿ ತೂತಾಗೋ ಹಾಗೆ ಕೂಗ್ತಿದೆ!"

"ಅಕ್ಕ ತಂಗಿ ಒಂದಾದ್ರೆ ಮುಗೀತು ಬಿಡು" ಎಂದು ನಕ್ಕರು.

ಅಕ್ಕ ನಗಲಿಲ್ಲ. "ರೀ, ಫ್ಯಾಕ್ಟರೀಲಿ ಮಷಿನ್ ಕೆಟ್ರೆ ಮೊದಲು ಯಾರನ್ನ ಕೇಳ್ತಿದ್ರಿ?"

"ಆಪರೇಟರ್‌ನ. ದಿನಾ ಅದರ ಜೊತೆ ಇರೋನು ಅವನೇ ತಾನೆ? ಅವನನ್ನ ಕೇಳ್ದೆ ನಾನು ಸ್ಪ್ಯಾನರ್ ಮುಟ್ತಿರ್ಲಿಲ್ಲ."

"ಇದರ ಜೊತೆ ದಿನಾ ಇರೋಳು ನಾನು. ನನ್ನ ಕೇಳಿದ್ರಾ?"

ಭಾವನ ನಗು ಅಲ್ಲಿಗೇ ನಿಂತಿತು. ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಇಬ್ಬರೂ ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಸ್ಕ್ರೂಡ್ರೈವರನ್ನು ಕಿಟಕಿಯಲ್ಲಿಟ್ಟರು.

"ಸರಿ, ಹೇಳು. ಯಾವಾಗ ಬರುತ್ತೆ?"

"ನಲ್ಲಿ ತಿರುಗಿಸಿದ ತಕ್ಷಣ ಶಿಳ್ಳೆ. ನೀರು ಬಿಸಿಯಾಗ್ತಾ ಒಳಗೆ ಚಟಪಟ ಅನ್ನುತ್ತೆ. ಧಾರೆ ಕೂಡ ಸಣ್ಣಗಾಗಿದೆ."

ಗೀಸರಿನ ಕರೆಂಟನ್ನು ಮೇನ್ ಬೋರ್ಡಿನಲ್ಲೇ ಆರಿಸಿ ಬಂದು, ಮತ್ತೆ ನಲ್ಲಿ ತಿರುಗಿಸಿದರು. "ಈಗ?"

"ಶಿಳ್ಳೆ ಇದೆ. ಚಟಪಟ ಇಲ್ಲ."

"ಹಾಗಾದ್ರೆ ಶಿಳ್ಳೆ ಕರೆಂಟಿಂದಲ್ಲ, ನೀರಿಂದು. ದಾರೀಲಿ ಏನೋ ಕಟ್ಕೊಂಡಿದೆ. ನೀರು ಸಾಲದೆ ಒಳಗೆ ಕುದೀತಿದೆ, ಅದೇ ಚಟಪಟ." ಆ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ನೀರು ಬಂದ್ ಮಾಡಿ, ಗೀಸರಿಗೆ ನೀರು ಹೋಗುವ ಬಾಯಿಯನ್ನು ಬಿಚ್ಚಿದರು. ಅಲ್ಲಿದ್ದ ಪುಟ್ಟ ಜಾಲರಿಯ ತುಂಬ ಬೋರ್‌ವೆಲ್ ನೀರಿನ ಬಿಳಿ ಹರಳು. ಅದನ್ನು ವಿನೆಗರ್‌ನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ತೊಳೆದು ಮತ್ತೆ ಕೂರಿಸಿದರು. ಮೊದಲು ನೀರು ಬಿಟ್ಟು, ಆಮೇಲೆ ಕರೆಂಟ್ ಹಾಕಿದರು.

ನಲ್ಲಿ ತಿರುಗಿಸಿದಾಗ ಭಾವ ಗೀಸರಿನ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದರು.

"ನಿಂತಿತಾ ಸತ್ಯಾ?"

"ನಿಂತಿದೆ. ಎರಡೂ ನಿಂತಿದೆ."

"ನನಗೆ ಮೊದಲೂ ಕೇಳಿಸಿರ್ಲಿಲ್ಲ" ಎಂದರು. ಅಷ್ಟು ಹೇಳಲು ಅವರಿಗೆ ಕಷ್ಟವಾಯಿತು. ನನಗೂ ಅಯ್ಯೋ ಅನ್ನಿಸಿತು.

ಅಕ್ಕ ಬೀಗಲಿಲ್ಲ. "ನಾಳೆ ಡಾಕ್ಟರ್ ಹತ್ರ ಹೋಗೋಣ" ಎಂದಳು, ಅಷ್ಟೆ.

"ಹೋಗೋಣ. ಆದ್ರೆ ನೀನೂ ಒಳಗೆ ಬರ್ಬೇಕು. ನಾನು ಏನೇನು ಕೇಳಿಸ್ಕೊಂಡಿಲ್ಲ ಅಂತ ನನಗೆಲ್ಲಿ ಗೊತ್ತು? ನೀನೇ ಹೇಳ್ಬೇಕು."